ಹಾಸ್ಟೆಲ್‌ಗೆ ಒಂದೇ ಕಡೆಯಿಂದ ಬಿಸಿನೀರು: ಕಲಬುರಗಿಗೆ ಯಾವುದು ಸರಿ?

ಡೆನ್ಮಾರ್ಕ್‌ನಂಥ ಚಳಿ ದೇಶಗಳಲ್ಲಿ ಒಂದು ಕಡೆ ನೀರು ಕಾಯಿಸಿ, ನೆಲದಡಿ ಪೈಪಿನಲ್ಲಿ ಇಡೀ ಬಡಾವಣೆಗೆ ಕಳಿಸುತ್ತಾರೆ. ಕಲಬುರಗಿಯಲ್ಲಿ ಮನೆ ಬೆಚ್ಚಗಿಡುವ ಮಾತೇ ಬೇಡ, ಮೇ ತಿಂಗಳಲ್ಲಿ ಟ್ಯಾಂಕಿನ ನೀರೇ ಕೈ ಸುಡುತ್ತೆ. ಆದರೆ ಡಿಸೆಂಬರ್ ಬೆಳಗ್ಗೆ ಹಾಸ್ಟೆಲ್‌ನ ಎಲ್ಲ ಗೀಸರ್ ಒಟ್ಟಿಗೆ ಆನ್ ಆಗ್ತವಲ್ಲ, ಅಲ್ಲಿ ಇದೇ ಉಪಾಯ ಕೆಲಸಕ್ಕೆ ಬರುತ್ತೆ.

ಮೊದಲು ಲೆಕ್ಕ. 1000 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 41 ಯೂನಿಟ್ ಶಾಖ ಬೇಕು. ಗೀಸರ್ ಅಷ್ಟೂ ಕರೆಂಟ್ ತಿನ್ನುತ್ತೆ. ಹೀಟ್ ಪಂಪ್ ಗಾಳಿಯ ಬಿಸಿಯನ್ನೇ ಎಳೆದುಕೊಳ್ಳುವುದರಿಂದ ಸುಮಾರು ಮೂರನೇ ಒಂದು ಪಾಲಿನಲ್ಲಿ ಮುಗಿಸುತ್ತೆ.

ನನ್ನ ಸಲಹೆ ಸೋಲಾರ್ ವಾಟರ್ ಹೀಟರ್ ಮೊದಲು. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ, 30 ಡಿಗ್ರಿ ಹತ್ತಿರ ವಾಲಿಸಿ. ನಮ್ಮ ಅಕ್ಷಾಂಶ 17ರ ಆಸುಪಾಸು, ಚಳಿಗಾಲದ ಸೂರ್ಯ ಕೆಳಗೇ ಇರ್ತಾನೆ, ಅದಕ್ಕೇ ಈ ಓರೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಟ್ಯೂಬ್ ಒಳಗೆ ಉಪ್ಪು ಕಟ್ಟುತ್ತೆ, ಆದ್ದರಿಂದ ಆ ನೀರನ್ನು ನೇರ ಬಿಡದೆ ಹೀಟ್ ಎಕ್ಸ್‌ಚೇಂಜರ್ (ಎರಡು ನೀರು ಬೆರೆಯದೆ ಬಿಸಿಯನ್ನಷ್ಟೇ ದಾಟಿಸುವ ಭಾಗ) ಇರುವ ಮಾದರಿ ಕೇಳಿ. ಸ್ವಲ್ಪ ದುಬಾರಿ, ಆದರೂ ಹಾಕಿಸಿ.

ಮೋಡ ಕವಿದ ದಿನಕ್ಕೆ ಹೀಟ್ ಪಂಪ್. ಅದನ್ನು ನಸುಕಿನಲ್ಲಿ ಓಡಿಸಬೇಡಿ. ಮಧ್ಯಾಹ್ನ ಗಾಳಿ ಬಿಸಿಯಾಗಿದ್ದಾಗ ಓಡಿಸಿ, ಟ್ಯಾಂಕಿನಲ್ಲಿ ಕೂಡಿಡಿ. ಮಾರ್ಸ್ಟಾಲ್ ಎಂಬ ಡೆನ್ಮಾರ್ಕ್ ಪಟ್ಟಣ 75,000 ಘನ ಮೀಟರ್ ನೀರಿನ ಹೊಂಡದಲ್ಲಿ ಬೇಸಿಗೆಯ ಬಿಸಿಯನ್ನು ಚಳಿಗಾಲಕ್ಕೆ ಎತ್ತಿಡುತ್ತೆ. ನಮಗೆ ಒಂದು ರಾತ್ರಿ ತಡೆದರೆ ಸಾಕು.

ತೊಗರಿ ಕಟ್ಟಿಗೆ? ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಬರವಿಲ್ಲ. ಒಣಗಿದ್ದು, ಒಳ್ಳೆ ಬಾಯ್ಲರ್ ಇದ್ದರೆ, ಮೇಲಿನ ಲೆಕ್ಕಕ್ಕೆ 15ರಿಂದ 20 ಕೆಜಿ ಆಗಬಹುದು. ಆದರೆ ಹೊಗೆ, ಬೂದಿ, ದಿನಾ ನೋಡಿಕೊಳ್ಳುವ ಆಳು, ಮಳೆಗೆ ನೆನೆಯದಂಥ ಶೆಡ್, ಎಲ್ಲ ಬೇಕು. ಹಾಸ್ಟೆಲ್ ಒಳಗಂತೂ ಬೇಡ, ದೂರದಲ್ಲಿ ಜಾಗ ಇದ್ದರೆ ನೋಡಿ.

ಇನ್ನು ಪೈಪು. ಎಷ್ಟೋ ಜನ ಇಲ್ಲೇ ಜಿಪುಣತನ ಮಾಡ್ತಾರೆ. ಕಪ್ಪು ಫೋಮ್ ಸುತ್ತಿ ಹಾಗೇ ಬಿಟ್ಟರೆ ನಮ್ಮ ಬಿಸಿಲಿಗೆ ಬಿರುಕು ಬಿಡುತ್ತೆ, ಮೇಲೆ ಅಲ್ಯೂಮಿನಿಯಂ ಶೀಟ್ ಹೊದಿಸಿ. ದೂರದ ಕೋಣೆಗೆ ತಣ್ಣೀರು ಬರಬಾರದೆಂದರೆ ನೀರು ತಿರುಗಿಸುವ ಚಿಕ್ಕ ಪಂಪ್ ಬೇಕು, ಅದಕ್ಕೆ ಟೈಮರ್ ಹಾಕಿ ಬೆಳಗ್ಗೆ 5ರಿಂದ 9ರವರೆಗೆ ಮಾತ್ರ ಓಡಿಸಿ. ಸುಮ್ನೆ ಇಡೀ ದಿನ ತಿರುಗಿಸಿದರೆ ಕಾಯಿಸಿದ ಬಿಸಿಯೆಲ್ಲ ಪೈಪಿನಲ್ಲೇ ಆರಿಹೋಗುತ್ತೆ.