ಜೂನೋದ ಹಿಮನದಿ ಸರೋವರದಲ್ಲಿ ಒಬ್ಬನೇ ಕೆನೂ ನಡೆಸಿದ್ದು

ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಏಳು ದಿನದ ಕ್ರೂಸ್. ಅಪ್ಪ, ಅಮ್ಮ, ಹೆಂಡತಿ, ಇಬ್ಬರು ಮಕ್ಕಳು. ಟಿಕೆಟ್ ಮಾಡುವಾಗಲೇ ಮನೆಯಲ್ಲಿ ಕೇಳಿಕೊಂಡಿದ್ದೆ, ಅಲಾಸ್ಕಾದ ರಾಜಧಾನಿ ಜೂನೋದಲ್ಲಿ ಬೆಳಗಿನ ಹೊತ್ತು ನಾಲ್ಕು ತಾಸು ನನಗೆ ಬಿಡಿ, ಆಮೇಲೆ ಎಲ್ಲರೂ ಸೇರಿ ನಗೆಟ್ ಜಲಪಾತಕ್ಕೆ ನಡೆಯೋಣ ಅಂತ. ಹಡಗು ಹತ್ತಿದ ಮೇಲೆ ಹೇಳಿದ್ದರೆ ಅಮ್ಮ ಬಿಡುತ್ತಲೇ ಇರಲಿಲ್ಲ.

ಆ ಜಲಪಾತದ ಪಕ್ಕದ ಮೆಂಡೆನ್‌ಹಾಲ್ ಹಿಮನದಿ ಸರೋವರ ಬಂದರಿನಿಂದ ಸುಮಾರು 20 ಕಿಲೋಮೀಟರ್. ಟ್ಯಾಕ್ಸಿಯಲ್ಲಿ ಹೋದೆ. ಬಾಡಿಗೆ ಕೆನೂವನ್ನು (ಹುಟ್ಟು ಹಾಕಿ ನಡೆಸುವ ಉದ್ದನೆಯ ಕಿರುದೋಣಿ) ಪಶ್ಚಿಮ ದಡದ ಸ್ಕೇಟರ್ಸ್ ಕ್ಯಾಬಿನ್ ಹತ್ತಿರ ತಂದು ಕೊಟ್ಟರು. ಸಮಯದ ಲೆಕ್ಕ ಇಲ್ಲಿ ಬಹಳ ಮುಖ್ಯ. ಹಡಗಿನವರ ಟೂರ್ ತಡವಾದರೆ ಕಾಯುತ್ತಾರೆ, ನಮ್ಮ ಪಾಡಿಗೆ ಹೋದವರಿಗೆ ಕಾಯುವುದಿಲ್ಲ. ಜೂನೋಗೆ ಹೊರಗಿನಿಂದ ರಸ್ತೆಯೇ ಇಲ್ಲ, ಹಡಗು ತಪ್ಪಿದರೆ ವಿಮಾನ ಅಥವಾ ಫೆರ್ರಿಯೇ ಗತಿ. ಹತ್ತೂವರೆಗೆ ಎಲ್ಲಿದ್ದರೂ ತಿರುಗುವುದು ಅಂತ ಹೆಂಡತಿಗೆ ಬರೆದುಕೊಟ್ಟಿದ್ದೆ.

ನೀರು ಕರಗಿದ ಮಂಜು, ಅಷ್ಟು ತಣ್ಣಗೆ. ಬಿದ್ದರೆ ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಬರುವುದೇ ಕಷ್ಟ, ಆಮೇಲೆ ಕೈಕಾಲು ಕೆಲಸ ಮಾಡುವುದು ಹತ್ತು ನಿಮಿಷ ಅಷ್ಟೇ. ಅದಕ್ಕೇ ಒಳಗೆ ನೀರು ಬಿಡದ ಡ್ರೈಸೂಟ್, ಅದರ ಮೇಲೆ ಲೈಫ್ ಜಾಕೆಟ್, ಜೇಬಲ್ಲಿ ಸೀಟಿ. ಒಬ್ಬರೇ ಹೋಗುವವರು ಇದರಲ್ಲಿ ಒಂದನ್ನೂ ಬಿಡಬೇಡಿ.

ಕೆನೂ ಇಬ್ಬರು ಕೂರುವಂಥದ್ದು. ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತರೆ ಮೂತಿ ಮೇಲೆದ್ದು ಗಾಳಿಗೆ ಸಿಕ್ಕಿಹಾಕಿಕೊಳ್ಳುತ್ತದೆ, ಹೀಗಾಗಿ ಮುಂದಿನ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿ ಕೂತೆ. ಆಗ ಕೂತವನ ತೂಕ ನಡುವಿನ ಕಡೆ ಬರುತ್ತದೆ, ದೋಣಿಯ ಹಿಂಭಾಗವೇ ಮುಂಭಾಗ ಆಗುತ್ತದೆ. ಎದುರು ತುದಿಗೆ ನೀರು ತುಂಬಿದ ಚೀಲ ಇಟ್ಟೆ. ಒಂದೇ ಬದಿಯಲ್ಲಿ ಹುಟ್ಟು ಹಾಕಿ ಕೊನೆಯಲ್ಲಿ ಸ್ವಲ್ಪ ಹೊರಕ್ಕೆ ತಿರುಗಿಸಿದರೆ (ಜೆ ಸ್ಟ್ರೋಕ್) ದೋಣಿ ನೆಟ್ಟಗೆ ಹೋಗುತ್ತದೆ. ಇದನ್ನು ಸಿಯಾಟಲ್‌ನ ಲೇಕ್ ಯೂನಿಯನ್ ಸರೋವರದಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದೆ.

ಮೊದಲ ಒಂದು ಗಂಟೆ ಎಷ್ಟು ಚೆನ್ನಾಗಿತ್ತು! ಹುಟ್ಟಿನಿಂದ ತೊಟ್ಟಿಕ್ಕುವ ನೀರಿನ ಸದ್ದು, ದೂರದಲ್ಲಿ ಜಲಪಾತದ ಮೊರೆತ, ಬೇರೇನೂ ಇಲ್ಲ. ನೀಲಿ ಮಂಜುಗಡ್ಡೆಗಳು ತೇಲುತ್ತಿದ್ದವು, ಹತ್ತಿರ ಹೋಗುವ ಆಸೆ ಆಗೇ ಆಗುತ್ತದೆ, ಆದರೆ ಹೋಗಬಾರದು. ನನ್ನಿಂದ ನೂರು ಮೀಟರ್ ಆಚೆ ಕಾರಿನಷ್ಟು ದೊಡ್ಡ ಗಡ್ಡೆಯೊಂದು ಸುಮ್ನೆ ನಿಂತಿದ್ದದ್ದು ಇದ್ದಕ್ಕಿದ್ದಂತೆ ಮಗುಚಿತು, ಅಡಿಯ ಗಾಜಿನಂಥ ಭಾಗ ಮೇಲೆ ಬಂತು, ಅದರ ಅಲೆ ನನ್ನ ದೋಣಿಯವರೆಗೂ ಬಂದು ಅಲ್ಲಾಡಿಸಿತು.

ಹತ್ತು ಗಂಟೆಗೆ ಹಿಮನದಿಯ ಕಡೆಯಿಂದ ಗಾಳಿ ಶುರುವಾಯಿತು. ಜಲಪಾತ ಎದುರಿಗೇ ಇತ್ತು, ಇನ್ನು ಹತ್ತು ನಿಮಿಷ ಅಷ್ಟೇ. ಹತ್ತೂವರೆಗೂ ಹೊತ್ತಿತ್ತು. ಆದರೆ ಅಲೆಗಳ ತಲೆಯಲ್ಲಿ ಬಿಳಿ ನೊರೆ ಕಂಡಿತು, ತಿರುಗಿಸಿಬಿಟ್ಟೆ. ಗಾಳಿ ಅಡ್ಡಕ್ಕೆ ಹೊಡೆಯುತ್ತಾ ನನ್ನನ್ನು ಸರೋವರದಿಂದ ನದಿ ಹೊರಹೋಗುವ ಕಡೆಗೇ ತಳ್ಳುತ್ತಿತ್ತು, ಅಲ್ಲಿಗೆ ಸಿಕ್ಕರೆ ಸೆಳೆತ ಜಾಸ್ತಿ, ಮುಂದೆ ಬಂಡೆಗಳು. ಮೊಣಕಾಲೂರಿ ಕೂತು ಹುಟ್ಟು ಹಾಕಿದೆ. ಹೋಗುವಾಗಿನ ಎರಡರಷ್ಟು ಹೊತ್ತು ಹಿಡಿಯಿತು.

ಮಧ್ಯಾಹ್ನ ಎಲ್ಲರೂ ಆಚೆ ದಡದ ದಾರಿಯಲ್ಲಿ ನಡೆದು, ಸುಮಾರು 377 ಅಡಿಯಿಂದ ಬೀಳುವ ಆ ಜಲಪಾತದ ಬುಡಕ್ಕೆ ಹೋದೆವು. "ಎಲ್ಲಿಯವರೆಗೆ ಬಂದಿದ್ದೆಯೋ?" ಅಂತ ಅಪ್ಪ ಕೇಳಿದರು. ನೀರಿನ ಮೇಲೆ ಕೈ ತೋರಿಸಿದೆ. ಅಮ್ಮ ಆ ಕಡೆ ನೋಡಿ ಏನೂ ಹೇಳದೆ ನನ್ನ ತೋಳು ಹಿಡಿದುಕೊಂಡರು.