ಮಳೆ ಜಾಕೆಟ್ ಸೋರಿದರೆ ವಾರಂಟಿ ಕೇಳುವುದು ಹೇಗೆ

ದುಬಾರಿ ಬೆಲೆಯ ಮಳೆ ಜಾಕೆಟ್ ಒಳಗೆ ಒದ್ದೆಯಾದ ಕೂಡಲೇ ಅಂಗಡಿಗೆ ಹೋದವರು ‘ಇದು ಬಳಕೆಯ ಸವೆತ, ವಾರಂಟಿಗೆ ಬರುವುದಿಲ್ಲ’ ಎಂಬ ಉತ್ತರ ಕೇಳಿ ಬರಿಗೈಯಲ್ಲಿ ಮರಳುವುದುಂಟು. ಆದ್ದರಿಂದ ಕೆಟ್ಟಿರುವುದು ಜಾಕೆಟ್‌ನ ಯಾವ ಪದರ ಎಂಬುದನ್ನು ಮೊದಲು ನಾವೇ ಪತ್ತೆ ಮಾಡಿಕೊಳ್ಳಬೇಕು.

ಬಟ್ಟೆಯ ಹೊರಮೈಗೆ ನೀರನ್ನು ಹನಿಯಾಗಿ ಜಾರಿಸುವ ತೆಳುವಾದ ಲೇಪವಿರುತ್ತದೆ; ನೀರನ್ನು ನಿಜವಾಗಿ ತಡೆಯುವುದು ಅದರ ಒಳಗಿರುವ ಪೊರೆ ಅಥವಾ ಪಾಲಿಯುರೆಥೇನ್ ಲೇಪ; ಸೂಜಿ ಚುಚ್ಚಿದ ತೂತುಗಳನ್ನು ಹೊಲಿಗೆಯ ಮೇಲೆ ಅಂಟಿಸಿದ ಟೇಪ್ ಮುಚ್ಚುತ್ತದೆ. ಹೊರಲೇಪ ಸವೆದಾಗ ಬಟ್ಟೆ ನೀರು ಹೀರಿ ಭಾರವಾಗುತ್ತದೆ, ಒಳಗಿನ ಬೆವರಿನ ಆವಿಗೆ ಹೊರಹೋಗಲು ದಾರಿಯಿಲ್ಲದೆ ಅಲ್ಲೇ ನೀರಾಗುತ್ತದೆ, ನಾವು ಅದನ್ನೇ ಸೋರಿಕೆಯೆಂದು ತಿಳಿಯುತ್ತೇವೆ. ಮಳೆಗಾಲದಲ್ಲಿ ಕುದುರೆಮುಖದ ಏರು ಹತ್ತುವವರಿಗೆ ಎಷ್ಟು ಒಳ್ಳೆಯ ಜಾಕೆಟ್ ತೊಟ್ಟರೂ ಈ ಬೆವರು ತಪ್ಪಿದ್ದಲ್ಲ.

ಹಾಗಾಗಿ ಜಾಕೆಟ್ಟನ್ನು ಮೊದಲು ತೊಳೆಯಬೇಕು. ಝಿಪ್ ಹಾಕಿ, ದ್ರವ ಸಾಬೂನಿನಲ್ಲಿ ತೊಳೆದು, ಸಾಬೂನಿನ ಅಂಶ ಉಳಿಯದಂತೆ ಎರಡು ಬಾರಿ ಜಾಲಿಸಬೇಕು. ಬಟ್ಟೆ ಮೆದುವಾಗಿಸುವ ಕಂಡಿಷನರ್ ಬೇಡವೇ ಬೇಡ. ಲೇಬಲ್ ಅನುಮತಿಸಿದರೆ ಡ್ರೈಯರ್‌ನ ಹದವಾದ ಬಿಸಿಯಲ್ಲಿ 20 ನಿಮಿಷ ಒಣಗಿಸಿದಾಗ ಹೊರಲೇಪ ಚೇತರಿಸಿಕೊಳ್ಳುತ್ತದೆ; ಇಲ್ಲವಾದರೆ ಮೇಲೊಂದು ಟವೆಲ್ ಹಾಸಿ ಕಡಿಮೆ ಬಿಸಿಯ ಇಸ್ತ್ರಿ ಹಾಕಬಹುದು. ಆಮೇಲೂ ನೀರು ಹನಿಯಾಗಿ ಜಾರದಿದ್ದರೆ ಸ್ಪ್ರೇ ರೂಪದಲ್ಲಿ ಸಿಗುವ ಲೇಪ ಬೇಕಾಗುತ್ತದೆ. ಇದು ನಿರ್ವಹಣೆಯ ವಿಷಯ, ವಾರಂಟಿಯದಲ್ಲ.

ಬಳಿಕ ನಿಜವಾದ ಪರೀಕ್ಷೆ. ಭುಜದ ಹೊಲಿಗೆ ನಡುವೆ ಬರುವಂತೆ ಬಟ್ಟೆಯನ್ನು ಹೊರಮೈ ಮೇಲಾಗಿ ಪಾತ್ರೆಯ ಬಾಯಿಗೆ ಹಾಸಿ, ಗುಳಿಯಾಗುವಂತೆ ಒತ್ತಿ, ಒಂದು ಲೋಟ ನೀರು ಹುಯ್ದು ಅರ್ಧ ಗಂಟೆ ಬಿಡಿ. ಅಡಿಯಲ್ಲಿ ಹನಿ ಮೂಡಿದರೆ ಪೊರೆಯೋ ಟೇಪೋ ಸೋತಿದೆ. ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿ: ಟೇಪಿನ ಅಂಚು ಸುರುಳಿಗಟ್ಟಿದೆಯೇ, ಪದರ ಗುಳ್ಳೆಯಂತೆ ಬಿಟ್ಟುಕೊಂಡಿದೆಯೇ? ಅಂಟಂಟಾಗಿ, ಮುಗ್ಗಲು ವಾಸನೆ ಬಂದು, ಹಪ್ಪಳದಂತೆ ಉದುರುವುದು ಪಾಲಿಯುರೆಥೇನ್ ಲೇಪ. ತೇವ ಮತ್ತು ಬಿಸಿ ಸೇರಿದಾಗ ಅದು ತಾನಾಗಿಯೇ ಒಡೆಯುವುದರಿಂದ, ಒದ್ದೆ ಜಾಕೆಟ್ಟನ್ನು ಸ್ಕೂಟರ್ ಡಿಕ್ಕಿಯಲ್ಲಿ ತುರುಕಿಡುವ ನಮ್ಮ ಅಭ್ಯಾಸ ಅದರ ಆಯುಷ್ಯವನ್ನು ಕಡಿಮೆ ಮಾಡುತ್ತದೆ. ಪದರ ಕಾಲರಿನಲ್ಲಿ ಮಾತ್ರ ಬಿಟ್ಟಿದ್ದರೆ ತಲೆಗೆಣ್ಣೆಯ ಜಿಡ್ಡನ್ನೂ, ಭುಜದಲ್ಲಿ ಮಾತ್ರ ಸವೆದಿದ್ದರೆ ಬೆನ್ನುಚೀಲದ ಪಟ್ಟಿಯನ್ನೂ ಕಂಪನಿ ಕಾರಣವಾಗಿ ತೋರಿಸಬಹುದು. ಬಳಕೆಯ ತಿಕ್ಕಾಟವಿಲ್ಲದ ಕಡೆ ಟೇಪ್ ಏಳುವುದೇ ತಯಾರಿಕಾ ದೋಷಕ್ಕೆ ಗಟ್ಟಿ ಸಾಕ್ಷಿ.

ದೂರನ್ನು ಬಾಯಿಮಾತಿನಲ್ಲಿ ಹೇಳದೆ ಇಮೇಲ್‌ನಲ್ಲಿ ಬರೆಯಿರಿ. ಬಿಲ್, ಒಳಲೇಬಲ್, ದೋಷದ ಹತ್ತಿರದ ಚಿತ್ರ ಮತ್ತು ನೀರಿನ ಪರೀಕ್ಷೆಯ ವೀಡಿಯೊ ಜೊತೆಗಿರಲಿ. ಅಂಗಡಿಯ ಬಿಲ್ಲಿನ ಶಾಯಿ ಮಾಸಿಹೋಗುವುದರಿಂದ ಕೊಂಡ ದಿನವೇ ಅದರ ಫೋಟೊ ತೆಗೆದಿಡುವುದು ಒಳ್ಳೆಯದು. ‘ಜೀವಮಾನ ವಾರಂಟಿ’ ಎಂಬಲ್ಲಿ ಜೀವಮಾನ ಸಾಮಾನ್ಯವಾಗಿ ಜಾಕೆಟ್‌ನದೇ ಹೊರತು ಕೊಂಡವರದಲ್ಲ. ಆ ಷರತ್ತನ್ನು ಓದಿಯೇ ಪತ್ರ ಬರೆಯಬೇಕು. ವಿದೇಶದಿಂದ ಮಗನೋ ಮಗಳೋ ತಂದುಕೊಟ್ಟ ಜಾಕೆಟ್ ಆದರೆ, ಕೊಂಡ ದೇಶದಲ್ಲಿ ಮಾತ್ರ ವಾರಂಟಿ ಸಲ್ಲುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ.

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಯೂ ಬಗೆಹರಿಯದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ, ವ್ಯಾಜ್ಯದ ಕಾರಣ ಹುಟ್ಟಿದ 2 ವರ್ಷದೊಳಗೆ ದೂರು ಸಲ್ಲಿಸಲು ಅವಕಾಶವಿದೆ. ಪಾವತಿಸಿದ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಅಗತ್ಯ ಕಂಡರೆ ಆಯೋಗವು ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದಾದ್ದರಿಂದ, ದೂರು ಮುಗಿಯುವವರೆಗೆ ಎದ್ದ ಟೇಪನ್ನು ಗೋಂದು ಹಚ್ಚಿ ಅಂಟಿಸಲು ಹೋಗಬೇಡಿ.