ನೀರಿನಲ್ಲಿ ಕರಗಿದ ಫ್ಲೋರೈಡ್: ಲೆಕ್ಕ ಹಾಕುವುದು ಹೇಗೆ?

ಗದಗ ಜಿಲ್ಲೆಯಲ್ಲಿ, ಅದರಲ್ಲೂ ಮುಂಡರಗಿ ಭಾಗದಲ್ಲಿ, ಬೋರ್‌ವೆಲ್ ನೀರಿನ ಪರೀಕ್ಷಾ ವರದಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಫ್ಲೋರೈಡ್ ಪ್ರಮಾಣವನ್ನು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಜಲಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು ಎಂಬುದು ಭಾರತೀಯ ಮಾನಕ ಬ್ಯೂರೋ ಹಾಕಿದ ಮಿತಿ. ಮಾದರಿಯನ್ನು ಹೋಲಿಸಿ ನೋಡಲು, ಫ್ಲೋರೈಡ್ ಎಷ್ಟಿದೆ ಎಂಬುದು ಖಚಿತವಾಗಿ ಗೊತ್ತಿರುವ ದ್ರಾವಣವೊಂದು ಪ್ರಯೋಗಾಲಯದಲ್ಲಿ ಇರಲೇಬೇಕು.

ಅದನ್ನು ಸೋಡಿಯಂ ಫ್ಲೋರೈಡ್‌ನಿಂದ ತಯಾರಿಸುತ್ತಾರೆ. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ: ತಕ್ಕಡಿಯಲ್ಲಿ ತೂಗುವುದು ಲವಣವನ್ನು, ನಮಗೆ ಬೇಕಾಗಿರುವುದು ಅದು ಕರಗಿದಾಗ ಬಿಡುಗಡೆಯಾಗುವ ಫ್ಲೋರೈಡ್ ಅಯಾನಿನ, ಅಂದರೆ ವಿದ್ಯುದಂಶವುಳ್ಳ ಕಣದ, ಲೆಕ್ಕ. ಪರಮಾಣು ತೂಕ ಸೋಡಿಯಂಗೆ 23, ಫ್ಲೋರಿನ್‌ಗೆ 19, ಕೂಡಿದರೆ 42. ಅಂದರೆ 42 ಗ್ರಾಂ ಲವಣದಲ್ಲಿ ಫ್ಲೋರೈಡ್ 19 ಗ್ರಾಂ ಮಾತ್ರ. ಚೆನ್ನಾಗಿ ಒಣಗಿಸಿದ 221 ಮಿಲಿಗ್ರಾಂ ಲವಣವನ್ನು ಆಸವಿತ ನೀರಿನಲ್ಲಿ ಕರಗಿಸಿ, ಒಟ್ಟು ಒಂದು ಲೀಟರ್ ಆಗುವಂತೆ ತುಂಬಿಸಿದರೆ, 221ನ್ನು 19ರಿಂದ ಗುಣಿಸಿ 42ರಿಂದ ಭಾಗಿಸಿದಾಗ ಲೀಟರಿಗೆ 100 ಮಿಲಿಗ್ರಾಂ ಫ್ಲೋರೈಡ್ ಸಿಗುತ್ತದೆ. ಈ ಲವಣ ವಿಷಕಾರಿಯಾದ್ದರಿಂದ ಶಿಕ್ಷಕರ ಎದುರಿಗೇ ತೂಗಬೇಕು. ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುವುದರಿಂದ ದ್ರಾವಣವನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಇಡಬೇಕು.

ಇದರಿಂದ 10 ಮಿಲಿಲೀಟರನ್ನು ಪಿಪೆಟ್‌ನಲ್ಲಿ ತೆಗೆದು ಮತ್ತೆ ಒಂದು ಲೀಟರ್ ಮಾಡಿದರೆ ನೂರು ಪಟ್ಟು ತೆಳುವಾಗಿ, ಲೀಟರಿಗೆ 1 ಮಿಲಿಗ್ರಾಂ ಆಗುತ್ತದೆ. ಇದನ್ನು ಕಣಗಳ ಎಣಿಕೆಯ ಏಕಮಾನವಾದ ಮೋಲ್‌ಗೆ ಬದಲಿಸಲು 19ರಿಂದ ಭಾಗಿಸಿದರೆ ಸಾಕು: ಲೀಟರಿಗೆ ಸುಮಾರು 0.053 ಮಿಲಿಮೋಲ್.

ಒಂದು ಘಟಕದಿಂದ ಒಂದೇ ಬಗೆಯ ಎರಡು ಅಯಾನು ಹೊರಡುವ ಲವಣವಾದರೆ ಇನ್ನಷ್ಟು ಎಚ್ಚರ ಬೇಕು. ಕ್ಯಾಲ್ಸಿಯಂ ಕ್ಲೋರೈಡ್ 1 ಮಿಲಿಮೋಲ್, ಅಂದರೆ 111 ಮಿಲಿಗ್ರಾಂ, ಒಂದು ಲೀಟರ್ ದ್ರಾವಣದಲ್ಲಿದ್ದರೆ ಕ್ಯಾಲ್ಸಿಯಂ 1 ಮಿಲಿಮೋಲ್ ಇರುತ್ತದೆ, ಕ್ಲೋರೈಡ್ 2 ಮಿಲಿಮೋಲ್. ಶೀಸೆಯಲ್ಲಿರುವುದು ಎರಡು ನೀರಿನ ಅಣು ಸೇರಿದ ಲವಣವಾಗಿದ್ದರೆ 111ರ ಬದಲು 147 ಮಿಲಿಗ್ರಾಂ ತೂಗಬೇಕು. ಆದ್ದರಿಂದ ಶೀಸೆಯ ಮೇಲಿನ ಚೀಟಿಯನ್ನು ಓದದೆ ಲೆಕ್ಕಕ್ಕೆ ಕೈ ಹಾಕಬಾರದು.

ಇನ್ನು ಊರಿನ ನೀರಿನ ಮಾತು. ಫ್ಲೋರೈಡ್ ಹೆಚ್ಚಿದ್ದ ಮಾದರಿಯ 10 ಮಿಲಿಲೀಟರನ್ನು 50 ಮಿಲಿಲೀಟರಿಗೆ ತೆಳುವಾಗಿಸಿ ಅಳೆದಾಗ 0.48 ಬಂದಿತೆಂದುಕೊಳ್ಳೋಣ, ಐದರಿಂದ ಗುಣಿಸಿದರೆ ಮೂಲ ನೀರಿನಲ್ಲಿ ಲೀಟರಿಗೆ 2.4 ಮಿಲಿಗ್ರಾಂ ಇದ್ದಂತಾಯಿತು. ಇಂಥ ನೀರನ್ನು ಕುದಿಸಿದರೆ ಶುದ್ಧವಾಗುತ್ತದೆ ಎಂದು ನಂಬಬಾರದು. ಹತ್ತು ಲೀಟರ್ ನೀರು ಕುದಿದು ಎಂಟು ಲೀಟರಿಗೆ ಇಳಿದಾಗ ಆವಿಯಾಗಿ ಹೋಗುವುದು ನೀರು ಮಾತ್ರ. ಕರಗಿದ 24 ಮಿಲಿಗ್ರಾಂ ಫ್ಲೋರೈಡ್ ಪಾತ್ರೆಯಲ್ಲೇ ಉಳಿದು, ಪ್ರಮಾಣ ಲೀಟರಿಗೆ 3 ಮಿಲಿಗ್ರಾಂಗೆ ಏರುತ್ತದೆ.